ಉಳುವ ಟ್ರ್ಯಾಕ್ಟರ್‌ಗೆ ಉಕ್ಕಿನ ಅಂಗಿ: ಯಾವುದಕ್ಕೆ ತೊಡಿಸಿದರೆ ನಿಲ್ಲುತ್ತೆ?

ಹೀಗೆ ಅಂದುಕೊಳ್ಳಿ. ಯುದ್ಧ ಬಾಗಿಲಿಗೆ ಬಂದು ನಿಂತಿದೆ. ನಿಮ್ಮ ಹತ್ತಿರ ಟ್ಯಾಂಕ್ ಒಂದೂ ಇಲ್ಲ. ಇರುವುದು ಹೊಲ ಉಳುವ ಟ್ರ್ಯಾಕ್ಟರ್, ಒಂದಿಷ್ಟು ಉಕ್ಕಿನ ತಗಡು, ನಾಲ್ಕೈದು ಮೆಷಿನ್ ಗನ್, ಒಂದು ವರ್ಕ್‌ಶಾಪ್. ಈಗ ಏನು ಮಾಡ್ತೀರಿ?

ಇದು ಸುಮ್ನೆ ಕಟ್ಟಿದ ಒಗಟಲ್ಲ. 1915ರಲ್ಲಿ ಇಂಗ್ಲೆಂಡಿನ ಲಿಂಕನ್ ಊರಿನವರ ಮುಂದೆ, ಅದೇ ಹೊತ್ತಿಗೆ ಫ್ರಾನ್ಸಿನವರ ಮುಂದೆ, 1940ರಲ್ಲಿ ನ್ಯೂಜಿಲೆಂಡಿನವರ ಮುಂದೆ, 1941ರಲ್ಲಿ ಸೋವಿಯತ್ ಒಕ್ಕೂಟದ ಬಂದರು ಊರು ಒಡೆಸ್ಸಾದವರ ಮುಂದೆ ಇದೇ ಪ್ರಶ್ನೆ ಇತ್ತು. ಒಬ್ಬೊಬ್ಬರದು ಒಂದೊಂದು ಉತ್ತರ. ಒಂದು ಉತ್ತರ ಯುದ್ಧದ ರೀತಿಯನ್ನೇ ಬದಲಿಸಿತು. ಒಂದು ಮೂಗು ಮುಂದಾಗಿ ಗುಂಡಿಗೆ ಬಿತ್ತು. ಇನ್ನೊಂದನ್ನು ಜನ ಇವತ್ತಿಗೂ ಆಡಿಕೊಂಡು ನಗುತ್ತಾರೆ.

ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ ನೇರ ಉತ್ತರ ಇಲ್ಲ. ಮೊದಲು ಮೂರು ವಿಷಯ ಗೊತ್ತಿರಬೇಕು. ಕೈಯಲ್ಲಿ ಎಷ್ಟು ದಿನ ಇದೆ? ನೆಲ ಎಂಥದು? ಎದುರಿಗಿರುವವನ ಕೈಯಲ್ಲಿ ಬರೀ ಬಂದೂಕು ಇದೆಯೋ, ಫಿರಂಗಿಯೂ ಇದೆಯೋ? ನನ್ನ ಲೆಕ್ಕದಲ್ಲಿ ದಿನದ ಪ್ರಶ್ನೆಯೇ ದೊಡ್ಡದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಟ್ರ್ಯಾಕ್ಟರ್ ಇರುವುದು ಎಳೆಯಲಿಕ್ಕೆ

ನಮ್ಮ ದೊಡ್ಡಪ್ಪನ ಟ್ರ್ಯಾಕ್ಟರ್ ಒಮ್ಮೆ ಭತ್ತದ ಗದ್ದೆಯಲ್ಲಿ ಹೊಟ್ಟೆ ನೆಲಕ್ಕೆ ತಾಗಿ ಕೂತುಬಿಟ್ಟಿತ್ತು. ಹಿಂದಿನ ಗಾಲಿ ಗಿರಗಿರ ತಿರುಗುತ್ತಿತ್ತು, ಕೆಸರು ಎರಚುತ್ತಿತ್ತು, ಗಾಡಿ ಮಾತ್ರ ಜಗ್ಗಲಿಲ್ಲ. ಎಂಜಿನ್‌ಗೆ ಶಕ್ತಿ ಇರಲಿಲ್ಲ ಅಂತಲ್ಲ. ಭಾರವೆಲ್ಲ ಎರಡು ಗಾಲಿಯ ಅಂಗೈಯಗಲ ಜಾಗದ ಮೇಲೆ ಕೂತಿತ್ತು, ಅಷ್ಟೇ. ಕೊನೆಗೆ ಪಕ್ಕದ ಕೆರೆ ಕೆಲಸಕ್ಕೆ ಬಂದಿದ್ದ ಇಟಾಚಿ ತರಿಸಿ ಎಳೆಸಿದರು. ತೂಕದಲ್ಲಿ ಇಟಾಚಿ ಟ್ರ್ಯಾಕ್ಟರ್‌ಗಿಂತ ಎಷ್ಟೋ ಪಾಲು ಜಾಸ್ತಿ. ಆದರೂ ಅದು ಹೂತುಕೊಳ್ಳಲಿಲ್ಲ, ಯಾಕಂದ್ರೆ ಅದರ ಭಾರ ಎರಡು ಉದ್ದನೆಯ ಚೈನುಗಳ ಮೇಲೆ ಹರಡಿಕೊಂಡಿತ್ತು.

ಅಮೆರಿಕದ ಬೆಂಜಮಿನ್ ಹೋಲ್ಟ್ ಅನುಭವಿಸಿದ್ದೂ ಇದೇ ಕಷ್ಟ. ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಸುತ್ತಲಿನ ನದಿ ಬಯಲಿನ ಮಣ್ಣು ತೀರಾ ಮೆತ್ತಗೆ. ಉಗಿ ಟ್ರ್ಯಾಕ್ಟರ್‌ಗಳು ಹೂತುಹೋಗುತ್ತಿದ್ದವು. ಗಾಲಿ ಅಗಲ ಮಾಡಿದರು. ಸಾಲಲಿಲ್ಲ. ಇನ್ನೂ ಅಗಲ ಮಾಡಿದರು. ಒಂದು ಗಾಡಿಯ ಅಗಲ 46 ಅಡಿಗೆ ಬಂದು ನಿಂತಿತು. ಅಂಥದನ್ನು ಯಾವ ಗೇಟಿನಲ್ಲಿ ನುಗ್ಗಿಸುವುದು? ಕೊನೆಗೆ 1904ರ ನವೆಂಬರ್‌ನಲ್ಲಿ ಹಿಂದಿನ ಗಾಲಿಗಳನ್ನೇ ಕಿತ್ತು, ಮರದ ಪಟ್ಟಿ ಜೋಡಿಸಿದ ಚೈನು ಹಾಕಿ ಓಡಿಸಿದರು. ಅದು ಹೂತುಕೊಳ್ಳಲಿಲ್ಲ.

ಇಂಗ್ಲೆಂಡಿನ ಗ್ರಾಂಥಮ್‌ನಲ್ಲಿ ಹಾರ್ನ್ಸ್‌ಬಿ ಕಂಪನಿಯ ಡೇವಿಡ್ ರಾಬರ್ಟ್ಸ್ ಕೂಡ ಆ ಕಾಲಕ್ಕೇ ಚೈನ್ ಟ್ರ್ಯಾಕ್ಟರ್ ಮಾಡಿದ್ದ. ಸೈನಿಕರು ಅದರ ನಡಿಗೆ ನೋಡಿ ಕಂಬಳಿಹುಳು ಅಂತ ಹೆಸರಿಟ್ಟರು. ಹೆಸರಿಟ್ಟಿದ್ದೇ ಬಂತು, ಸೇನೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಬೇಸತ್ತ ಕಂಪನಿ 1914ರಲ್ಲಿ ಪೇಟೆಂಟನ್ನು ಹೋಲ್ಟ್‌ಗೆ ಮಾರಿಬಿಟ್ಟಿತು. ಅದೇ ವರ್ಷ ಮೊದಲ ಮಹಾಯುದ್ಧ ಶುರುವಾಯಿತು. ಬ್ರಿಟಿಷರು ತಮ್ಮ ಭಾರಿ ಫಿರಂಗಿ ಎಳೆಯಲು ಅಮೆರಿಕದಿಂದ ಹೋಲ್ಟ್ ಟ್ರ್ಯಾಕ್ಟರ್ ತರಿಸಬೇಕಾಯಿತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅಂತಾರಲ್ಲ, ಹಾಗೆ.

ಚೈನು ಇದ್ದ ಮಾತ್ರಕ್ಕೆ ಟ್ರ್ಯಾಕ್ಟರ್ ಟ್ಯಾಂಕ್ ಆಗುವುದಿಲ್ಲ. ಉಳುವ ಗಾಡಿಗೆ ಹಿಂದಿನ ಭಾರ ಎಳೆಯುವುದು ಕೆಲಸ. ಅದರ ಚೈನು ಗಿಡ್ಡ. ಅಗಲವಾದ ಗುಂಡಿ ದಾಟಲಿ, ಗೋಡೆಯಂಥ ದಿಬ್ಬ ಹತ್ತಲಿ ಅಂತ ಯಾರೂ ಅದನ್ನು ಮಾಡಿದ್ದಲ್ಲ. ಎಂಜಿನ್ ಗಾಳಿಗೆ ತೆರೆದುಕೊಂಡಿರುತ್ತದೆ. ಅದನ್ನೇ ಉಕ್ಕಿನ ಡಬ್ಬಿಯಲ್ಲಿ ಮುಚ್ಚಿಟ್ಟರೆ ಒಳಗಿರುವವರು ಬೆಂದುಹೋಗುತ್ತಾರೆ. ಮೇಲೆ ಕವಚ ಹೇರಿದರೆ ತೂಕ ಎರಡು ಪಾಲು, ಮೂರು ಪಾಲು ಆಗುತ್ತದೆ. ಎಚ್‌ಪಿ ಮಾತ್ರ ಇದ್ದಷ್ಟೇ.

ಇಷ್ಟು ತೊಡಕು ಇಟ್ಟುಕೊಂಡು ಜನ ಮೂರು ದಾರಿ ಹಿಡಿದರು. ಟ್ರ್ಯಾಕ್ಟರ್ ಇದ್ದ ಹಾಗೇ ಇಟ್ಟು ಮೇಲೆ ಡಬ್ಬಿ ಕೂರಿಸುವುದು ಒಂದು. ಚೈನನ್ನು ಎಳೆದು ಉದ್ದ ಮಾಡಿ, ಅದರ ಮೇಲೆ ಹೊಸ ಒಡಲು ಕಟ್ಟುವುದು ಇನ್ನೊಂದು. ಟ್ರ್ಯಾಕ್ಟರನ್ನು ಬಿಚ್ಚಿ, ಬೇಕಾದ್ದಷ್ಟು ಇಟ್ಟುಕೊಂಡು, ಉಳಿದದ್ದನ್ನು ಹೊಸದಾಗಿ ಮಾಡುವುದು ಮೂರನೆಯದು. ನಡುವಿನ ದಾರಿಯಲ್ಲಿ ಕಥೆ ಜಾಸ್ತಿ ಇದೆ. ಅಲ್ಲಿಂದಲೇ ಶುರು ಮಾಡೋಣ.

ಎಳೆದು ಉದ್ದ ಮಾಡಿದವು: ಶ್ನೈಡರ್, ಸೇಂಟ್ ಶಾಮೊಂ, ಎ7ವಿ

ಫ್ರಾನ್ಸಿನ ಶ್ನೈಡರ್ ಕಂಪನಿಯ ಎಂಜಿನಿಯರ್ ಯೂಜೀನ್ ಬ್ರಿಲಿಯೆ 1915ರ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಹೋಲ್ಟ್ ಓಡುವುದನ್ನು ನೋಡಿ ಬಂದ. ಕಂಪನಿ ಎರಡು ಗಾಡಿ ತರಿಸಿತು. ಒಂದು 75 ಎಚ್‌ಪಿಯ ದೊಡ್ಡದು. ಇನ್ನೊಂದು 45 ಎಚ್‌ಪಿಯ ಚಿಕ್ಕದು, ಅದನ್ನು 'ಬೇಬಿ ಹೋಲ್ಟ್' ಅನ್ನುತ್ತಿದ್ದರು. ಇಲ್ಲಿ ಅವರ ಆಯ್ಕೆ ಗಮನಿಸಿ. ದೊಡ್ಡ ಹೋಲ್ಟ್‌ಗೆ ಮುಂದೆ ಒಂಟಿ ಗಾಲಿ ಇತ್ತು, ಅದರಿಂದಲೇ ತಿರುಗಿಸಬೇಕು. ಸೈನಿಕರು ಅಡಗಿ ಕೂರಲು ತೋಡಿದ ಕಂದಕದಲ್ಲಿ ಆ ಗಾಲಿ ಮೊದಲು ಇಳಿಯುತ್ತದೆ, ಇಳಿದರೆ ಮೇಲೆ ಬರುವುದಿಲ್ಲ. ಬೇಬಿಗೆ ಆ ರಗಳೆ ಇಲ್ಲ. ಎರಡು ಚೈನು ಮಾತ್ರ. ಅವರು ಬೇಬಿಯನ್ನೇ ಹಿಡಿದರು. ಸರಿಯಾದ ಆಯ್ಕೆ.

ಅದೇ ಹೊತ್ತಿಗೆ ಜ್ಯಾಂ ಬ್ಯಾಪ್ಟಿಸ್ಟ್ ಎಸ್ಟಿಯೆನ್ ಎಂಬ ಫಿರಂಗಿ ದಳದ ಕರ್ನಲ್ ಕವಚದ ಗಾಡಿ ಬೇಕೇ ಬೇಕು ಅಂತ ಮೇಲಿನವರ ಬೆನ್ನು ಹತ್ತಿದ್ದ. 1915ರ ಡಿಸೆಂಬರ್‌ನಲ್ಲಿ ಸುಆಂ ಎಂಬಲ್ಲಿ ಹಳೆಯ ಕಂದಕಗಳ ಮೇಲೆ ಬೇಬಿ ಹೋಲ್ಟ್ ಓಡಿಸಿ ನೋಡಿದರು. 1916ರ ಫೆಬ್ರುವರಿಯಲ್ಲಿ 400 ಗಾಡಿಗೆ ಆರ್ಡರ್ ಬಿತ್ತು. ಅದೇ ಶ್ನೈಡರ್ ಸಿಎ1. ಸುಮಾರು 13.6 ಟನ್, 60 ಎಚ್‌ಪಿ, ಒಳಗೆ ಆರು ಜನ. ಮೂತಿ ದೋಣಿಯ ಹಾಗೆ ಚೂಪು, ಮುಳ್ಳುತಂತಿಯನ್ನು ತುಳಿದು ಸೀಳಲಿಕ್ಕೆ. ಬಲಪಕ್ಕದಲ್ಲಿ ಗಿಡ್ಡ ಮೂತಿಯ 75 ಮಿಮೀ ಫಿರಂಗಿ. ಹಿಂದೆ ಒಂದು ಬಾಲ, ಕಂದಕ ದಾಟುವಾಗ ಹಿಂಬದಿ ಕುಸಿಯದಿರಲಿ ಅಂತ.

ಒಂದು ತಪ್ಪು ಮಾಡಿದ್ದರು. ಪೆಟ್ರೋಲ್ ಟ್ಯಾಂಕುಗಳನ್ನು ಮುಂಭಾಗದಲ್ಲಿ ಇಟ್ಟಿದ್ದರು. ಯುದ್ಧದ ಗಾಡಿಯ ಮುಂಭಾಗ ಅಂದರೆ ಏಟು ಮೊದಲು ಬೀಳುವ ಜಾಗ ಅಲ್ವಾ? 1917ರ ಏಪ್ರಿಲ್ 16ರಂದು ಬೆರಿ-ಓ-ಬಾಕ್ ಬಳಿ 130ರಷ್ಟು ಶ್ನೈಡರ್‌ಗಳು ಮೊದಲ ಸಲ ಕಾಳಗಕ್ಕೆ ಇಳಿದವು. ಅವು ಸಾಲಾಗಿ ಬರುವುದು ಜರ್ಮನ್ ಫಿರಂಗಿಗಳಿಗೆ ದೂರದಿಂದಲೇ ಕಾಣುತ್ತಿತ್ತು. ಗುಂಡು ಬಿದ್ದ ಗಾಡಿಗಳು ಹೊತ್ತಿ ಉರಿದವು. ದಳದ ಮುಂದಾಳು ಲೂಯಿ ಬೊಸ್ಸು ತನ್ನ ಗಾಡಿಯಲ್ಲೇ ಸತ್ತ. ಸಂಜೆ ಹೊತ್ತಿಗೆ ಹೆಚ್ಚೂಕಡಿಮೆ ಅರ್ಧ ಗಾಡಿಗಳು ಕೈಬಿಟ್ಟಿದ್ದವು. ಆಮೇಲೆ ಪೆಟ್ರೋಲನ್ನು ಹಿಂಭಾಗದ ಹೊರಗೆ, ಕವಚದ ಪೆಟ್ಟಿಗೆಗೆ ಸಾಗಿಸಿದರು. ಪಕ್ಕಗಳಿಗೆ ಇನ್ನೊಂದು ಪದರ ತಗಡು ಹೊಡೆದರು. ಬುದ್ಧಿ ಬಂತು, ಬೆಲೆ ಜಾಸ್ತಿಯಾಯಿತು.

ಸೇಂಟ್ ಶಾಮೊಂ ಇದರ ದಾಯಾದಿ. ಇನ್ನೊಂದು ಫ್ರೆಂಚ್ ಕಂಪನಿ ತಾನೂ ಹಿಂದೆ ಬೀಳಬಾರದು ಅಂತ ಕರ್ನಲ್ ಎಮಿಲ್ ರಿಮೈಯೊ ಕೈಯಲ್ಲಿ ಮಾಡಿಸಿದ್ದು. ಕಾಗದದ ಮೇಲೆ ನೋಡಿದರೆ ಶ್ನೈಡರ್‌ಗಿಂತ ಎಲ್ಲದರಲ್ಲೂ ಮೇಲು. ಉದ್ದ ಮೂತಿಯ 75 ಮಿಮೀ ಫಿರಂಗಿ, ನಾಲ್ಕು ಮೆಷಿನ್ ಗನ್, 90 ಎಚ್‌ಪಿ ಪನ್ಹಾರ್ ಎಂಜಿನ್. ಆ ಎಂಜಿನ್ ನೇರವಾಗಿ ಚೈನು ತಿರುಗಿಸುವುದಿಲ್ಲ. ಡೈನಮೋ ತಿರುಗಿಸುತ್ತದೆ, ಅದರ ಕರೆಂಟಿನಲ್ಲಿ ಎರಡು ಮೋಟರ್ ಎರಡು ಚೈನು ಓಡಿಸುತ್ತವೆ. ಗೇರ್ ಹಾಕುವ ಗೋಜಿಲ್ಲ. ಹಿಂದೆಯೂ ಒಂದು ಡ್ರೈವರ್ ಸೀಟು ಇತ್ತು. ಇವತ್ತಿನ ಹೈಬ್ರಿಡ್ ಕಾರಿನವರು ಕೇಳಿದರೆ ಖುಷಿಪಡುವಂಥ ವ್ಯವಸ್ಥೆ.

ಆದರೆ ಇಷ್ಟನ್ನೆಲ್ಲ ಕೂರಿಸಲು ಒಡಲು ಉದ್ದವಾಯಿತು, ಕೆಳಗಿನ ಹೋಲ್ಟ್ ಚೈನು ಅಷ್ಟು ಉದ್ದವಾಗಲಿಲ್ಲ. ಚಿಕ್ಕ ಮಂಚದ ಮೇಲೆ ದೊಡ್ಡ ಪೆಟ್ಟಿಗೆ ಇಟ್ಟಂತೆ. ಮೂತಿ ಚೈನಿಗಿಂತ ಎಷ್ಟೋ ಮುಂದಕ್ಕೆ ಚಾಚಿಕೊಂಡಿತ್ತು. ಕಂದಕದ ಅಂಚಿಗೆ ಬಂದು ಬಗ್ಗಿದ ಕೂಡಲೇ ಮೂತಿ ಎದುರಿನ ಮಣ್ಣಿಗೆ ನಾಟುತ್ತಿತ್ತು. ಚೈನು ನೆಲ ಹಿಡಿಯುವ ಮೊದಲೇ ಗಾಡಿ ಸಿಕ್ಕಿಬಿದ್ದಿರುತ್ತಿತ್ತು. 23 ಟನ್ ಭಾರಕ್ಕೆ ಮೊದಲು ಹಾಕಿದ್ದ ಚೈನಿನ ಅಗಲ 32 ಸೆಂಟಿಮೀಟರ್. ಕೆಸರಿನಲ್ಲಿ ನಿಲ್ಲದ್ದು ನೋಡಿ 41 ಮಾಡಿದರು, ಆಮೇಲೆ 50 ಮಾಡಿದರು. ಸ್ಟಾಕ್ಟನ್‌ನಲ್ಲಿ ಹೋಲ್ಟ್ ಗಾಲಿ ಅಗಲ ಮಾಡುತ್ತಾ ಹೋದ ಹಾಗೆಯೇ ಇದೂ. 1917ರ ಮೇ 5ರಂದು ಲಫೋ ಗಿರಣಿಯ ಬಳಿ ಮೊದಲ ಸಲ ಇಳಿದಾಗ ಹಲವು ಗಾಡಿಗಳು ಕಂದಕ, ಗುಂಡಿಗಳಲ್ಲೇ ಕೂತವು.

ಹಾಗಂತ ಇದನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. 1918ರಲ್ಲಿ ಕಾಳಗ ಕಂದಕ ಬಿಟ್ಟು ಬಯಲಿಗೆ ಬಂದಾಗ, ಗಟ್ಟಿ ನೆಲದ ಮೇಲೆ ದೂರದಿಂದ ಹೊಡೆಯಲು ಆ ಉದ್ದ ಫಿರಂಗಿ ಚೆನ್ನಾಗಿಯೇ ಒದಗಿತು. ನೆಲ ಬದಲಾದರೆ ಅದೇ ಗಾಡಿಯ ಯೋಗ್ಯತೆಯೂ ಬದಲಾಗುತ್ತದೆ.

ಜರ್ಮನರ ಎ7ವಿ ಈ ಮೂರರಲ್ಲಿ ಚೆನ್ನಾಗಿ ಕಟ್ಟಿದ್ದು, ಕಡಿಮೆ ಕೆಲಸಕ್ಕೆ ಬಂದದ್ದು. ಜರ್ಮನಿಯ ಜೊತೆಗಾರ ಆಸ್ಟ್ರಿಯಾ-ಹಂಗೆರಿಯಲ್ಲಿ ಹೋಲ್ಟ್‌ಗೆ ಮೊದಲಿನಿಂದಲೂ ವ್ಯಾಪಾರ ಇತ್ತು. ಹೀಗಾಗಿ ಅಮೆರಿಕದ ಒಬ್ಬನೇ ರೈತ ಯಂತ್ರದವನ ಚೈನು ಎರಡೂ ಕಡೆಯ ಸೇನೆಗೆ ಮಾದರಿಯಾಯಿತು. ಜೋಸೆಫ್ ಫೋಲ್ಮರ್ ಎಂಬ ಎಂಜಿನಿಯರ್ ಹೋಲ್ಟ್ ಮಾದರಿಯನ್ನು ಉದ್ದ ಮಾಡಿ, ಸ್ಪ್ರಿಂಗ್ ಕೂರಿಸಿದ. ಹಾಗಾಗಿ ಎ7ವಿ ರಸ್ತೆಯ ಮೇಲೆ ಗಂಟೆಗೆ 15 ಕಿಮೀ ಹತ್ತಿರ ಓಡುತ್ತಿತ್ತು. ಆಗಿನ ಬ್ರಿಟಿಷ್ ಟ್ಯಾಂಕ್ 6 ಕಿಮೀ ಮುಟ್ಟಿದರೆ ಹೆಚ್ಚು. ಎರಡು 100 ಎಚ್‌ಪಿ ಡೈಮ್ಲರ್ ಎಂಜಿನ್, ಮುಂದೆ 30 ಮಿಮೀ ಉಕ್ಕು, 57 ಮಿಮೀ ಫಿರಂಗಿ. ತೂಕ 30 ಟನ್ ದಾಟುತ್ತಿತ್ತು. ಒಳಗೆ 18 ಜನ! ಮದುವೆ ದಿಬ್ಬಣದ ಟೆಂಪೋ ನೆನಪಾಗುತ್ತದೆ.

ತೊಂದರೆ ಕೆಳಗಿತ್ತು. ಒಡಲು ಚೈನನ್ನೂ ಮುಚ್ಚಿ ನೆಲದ ಹತ್ತಿರಕ್ಕೆ ಇಳಿದಿತ್ತು. ಮುಂದೆ ಹಿಂದೆ ಚಾಚು ಬೇರೆ. ಅಗಲ ಕಂದಕ ಇದಕ್ಕೆ ಆಗದು, 2 ಮೀಟರ್ ಆಸುಪಾಸಿನದಾದರೆ ಸರಿ. ಡ್ರೈವರ್ ಗಾಡಿಯ ನೆತ್ತಿಯ ಮೇಲೆ ನಡುವೆ ಕೂರುತ್ತಿದ್ದ. ಮೂತಿಯ ಮುಂದಿನ ಕೆಲವು ಮೀಟರ್ ನೆಲ ಅವನಿಗೆ ಕಾಣುತ್ತಲೇ ಇರಲಿಲ್ಲ. ಕಾಣದ ಜಾಗದಲ್ಲೇ ಗುಂಡಿ ಇರುವುದು. ಜೊತೆಗೆ ಜರ್ಮನಿ ಮಾಡಿದ್ದು ಬರೀ 20. ಹಿಡಿದು ತಂದ ಬ್ರಿಟಿಷ್ ಟ್ಯಾಂಕುಗಳೇ ಅವರ ಬಳಿ ಅದಕ್ಕಿಂತ ಹೆಚ್ಚಿದ್ದವು. 1918ರ ಏಪ್ರಿಲ್ 24ರಂದು ವಿಲೆ-ಬ್ರೆಟೊನೊ ಬಳಿ ಎ7ವಿ ಮತ್ತು ಬ್ರಿಟಿಷ್ ಟ್ಯಾಂಕುಗಳು ಎದುರುಬದುರಾದವು. ಟ್ಯಾಂಕಿಗೆ ಟ್ಯಾಂಕ್ ಎದುರಾದ ಮೊದಲ ಕಾಳಗ ಅದೇ.

ಈ ಮೂರರಲ್ಲಿ ಒಂದನ್ನು ಆರಿಸು ಅಂದರೆ ನಾನು ಶ್ನೈಡರ್ ಕಡೆ. ಕುರೂಪಿ, ಮೊದಲ ದಿನವೇ ಸುಟ್ಟುಕೊಂಡದ್ದು ನಿಜ. ಆದರೆ ಅದರ ತಪ್ಪು ತಿದ್ದಬಹುದಾದ ತಪ್ಪು. ಪೆಟ್ರೋಲ್ ಟ್ಯಾಂಕ್ ಜಾಗ ಬದಲಿಸಬಹುದು. ಸೇಂಟ್ ಶಾಮೊಂನ ಮೂತಿಯನ್ನು ಎಲ್ಲಿಗೆ ಸಾಗಿಸುತ್ತೀರಿ? ರಸ್ತೆ ಚೆನ್ನಾಗಿದೆ, ನೆಲ ಒಣಗಿದೆ, ಎದುರಿಗೆ ಕಂದಕ ಇಲ್ಲ ಅನ್ನುವುದಾದರೆ ಎ7ವಿ. ಅಂಥ ನೆಲ 1918ರ ಫ್ರಾನ್ಸಿನಲ್ಲಿ ಎಷ್ಟಿತ್ತು ಅನ್ನುವುದು ಬೇರೆ ಮಾತು.

ಬಿಚ್ಚಿ ಹೊಸದು ಕಟ್ಟಿದ್ದು: ಲಿಂಕನ್ನಿನವರು

ಬ್ರಿಟಿಷರೂ ಮೊದಲು ಸುಲಭದ ದಾರಿಯನ್ನೇ ನೋಡಿದರು. 1915ರ ಫೆಬ್ರುವರಿಯಲ್ಲಿ ಚರ್ಚಿಲ್ 'ಲ್ಯಾಂಡ್‌ಶಿಪ್ಸ್ ಕಮಿಟಿ' ಮಾಡಿದ್ದರು. ಚರ್ಚಿಲ್ ಆಗ ನೌಕಾಪಡೆಯ ಮಂತ್ರಿ, ಅದಕ್ಕೇ ನೆಲದ ಗಾಡಿಗೆ ಹಡಗಿನ ಹೆಸರು. ಜೂನ್ 30ರಂದು ಲಂಡನ್ನಿನ ವರ್ಮ್‌ವುಡ್ ಸ್ಕ್ರಬ್ಸ್ ಮೈದಾನದಲ್ಲಿ ಕಿಲೆನ್-ಸ್ಟ್ರೇಟ್ ಎಂಬ ಅಮೆರಿಕನ್ ಟ್ರ್ಯಾಕ್ಟರ್ ಓಡಿಸಿ, ಮುಳ್ಳುತಂತಿ ಕತ್ತರಿಸಿ ತೋರಿಸಿದರು. ಮೂರು ಚೈನಿನ ಗಾಡಿ ಅದು, ಮುಂದಿನ ಪುಟ್ಟ ಚೈನು ತಿರುಗಿಸಲಿಕ್ಕೆ. ಆಮೇಲೆ ಕವಚದ ಕಾರೊಂದರ ಒಡಲನ್ನೇ ಎತ್ತಿ ಅದರ ಮೇಲೆ ಇಟ್ಟು ನೋಡಿದರು. ನೋಡಲು ಮಜವಾಗಿತ್ತು. ಯುದ್ಧಕ್ಕೆ ಸಾಲದು ಅಂತ ಅವರಿಗೂ ಗೊತ್ತಾಯಿತು.

ನಿಜವಾದ ಕೆಲಸ ನಡೆದದ್ದು ಲಿಂಕನ್‌ನ ವಿಲಿಯಂ ಫಾಸ್ಟರ್ ಕಂಪನಿಯಲ್ಲಿ. ಒಕ್ಕಣೆ ಯಂತ್ರ ಮಾಡಿ ಹೆಸರಾದ ಕಂಪನಿ ಅದು. ವಿಲಿಯಂ ಟ್ರಿಟನ್ ಅದನ್ನು ನಡೆಸುತ್ತಿದ್ದ. ನೌಕಾಪಡೆಯಿಂದ ವಾಲ್ಟರ್ ವಿಲ್ಸನ್ ಬಂದು ಜೊತೆಯಾದ. ಊರಿನ ಹೋಟೆಲೊಂದರಲ್ಲಿ ರೂಮು ಹಿಡಿದು ಇಬ್ಬರೂ ನಕ್ಷೆ ಬರೆಯಲು ಕೂತರು. ಷಿಕಾಗೋದ ಬುಲಕ್ ಕಂಪನಿಯಿಂದ 'ಕ್ರೀಪಿಂಗ್ ಗ್ರಿಪ್' ಟ್ರ್ಯಾಕ್ಟರ್ ಬಂದಿತ್ತು. ಆಗಸ್ಟ್ 11ಕ್ಕೆ ಕೆಲಸ ಶುರು. ಅದರ ಚೈನು ಉದ್ದ ಮಾಡಿ, ಮೇಲೆ ಉಕ್ಕಿನ ಪೆಟ್ಟಿಗೆ ಕಟ್ಟಿ, ಸೆಪ್ಟೆಂಬರ್ ಎರಡನೇ ವಾರದ ಹೊತ್ತಿಗೆ ಓಡಿಸಿಯೂ ಬಿಟ್ಟರು. ಒಂದು ತಿಂಗಳಷ್ಟೇ!

ಓಡಿಸಿದಾಗ ಏನಾಯಿತು ಅನ್ನುವುದು ಮುಖ್ಯ. ಸೈಕಲ್ ಚೈನು ಸಡಿಲವಾಗಿ ಬೀಳುವುದನ್ನು ನೀವು ಚಿಕ್ಕಂದಿನಲ್ಲಿ ಎಷ್ಟು ಸಲ ನೋಡಿಲ್ಲ? ಬುಲಕ್ ಚೈನೂ ಅದೇ ಆಟ ಆಡಿತು. ನೆಲದ ಮೇಲೆ ಇರುವಷ್ಟು ಹೊತ್ತು ಸರಿಯಾಗೇ ಇರುತ್ತದೆ. ಗುಂಡಿಯ ಮೇಲೆ ಬಂದಾಗ ಕೆಳಗೆ ಆಸರೆ ಇಲ್ಲ, ಚೈನು ಹೊಟ್ಟೆ ಬಿಟ್ಟು ಜೋತುಬೀಳುತ್ತದೆ. ಆಚೆ ದಡ ಮುಟ್ಟಿ ಭಾರ ಬೀಳುವಾಗ ಗಾಲಿಗೂ ಚೈನಿಗೂ ಕೂಡುವುದಿಲ್ಲ. ಚೈನು ಕಳಚಿಕೊಳ್ಳುತ್ತದೆ. ಹೊಲದಲ್ಲಿ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಹೊಲದಲ್ಲಿ ಕಂದಕ ಎಲ್ಲಿರುತ್ತೆ?

ಬಲಾಟ ಎಂಬ ರಬ್ಬರಿನಂಥ ಪಟ್ಟಿಯನ್ನು ಚೈನಿನ ಬದಲು ಹಾಕಿ ನೋಡಿದರು. ಅದೂ ಹರಿಯಿತು. ಕೊನೆಗೆ ಟ್ರಿಟನ್ ತಾನೇ ಚೈನು ಮಾಡಿದ. ಒತ್ತಿ ಮಾಡಿದ ಉಕ್ಕಿನ ತಟ್ಟೆಗಳು. ಪ್ರತಿ ತಟ್ಟೆಯ ಒಳಬದಿಗೆ ಕೊಕ್ಕೆಯಂಥ ಅಂಚು. ಆ ಅಂಚು ಗಾಡಿಯ ಚೌಕಟ್ಟಿನ ಪಟ್ಟಿಯನ್ನು ಹಿಡಿದುಕೊಂಡೇ ಜಾರುತ್ತದೆ. ಇನ್ನು ಗುಂಡಿ ಬರಲಿ, ಹಳ್ಳ ಬರಲಿ, ಚೈನು ಜೋತುಬೀಳುವ ಪ್ರಶ್ನೆಯೇ ಇಲ್ಲ. ಸೆಪ್ಟೆಂಬರ್ 22ರಂದು ಲಂಡನ್‌ಗೆ ಗುಟ್ಟಾಗಿ ಟೆಲಿಗ್ರಾಂ ಹೋಯಿತು. ಬಲಾಟ ನಿನ್ನೆ ಬೆಳಿಗ್ಗೆ ತೀರಿಕೊಂಡಿತು, ಟ್ರಿಟನ್‌ಗೆ ಒತ್ತಿದ ತಟ್ಟೆಯಿಂದ ಹೊಸ ಕೂಸು ಹುಟ್ಟಿದೆ, ತೂಕ ಕಡಿಮೆ, ಮೈ ಗಟ್ಟಿ, ಎಲ್ಲರೂ ಕ್ಷೇಮ ಅನ್ನುವ ಅರ್ಥದಲ್ಲಿ. ಅಪ್ಪಟ ಬಾಣಂತಿ ಮನೆಯ ಸುದ್ದಿ. ಟೆಲಿಗ್ರಾಫ್ ಆಫೀಸಿನವನಿಗೆ ಅದರಲ್ಲಿ ಯುದ್ಧದ ವಾಸನೆಯೂ ಬಡಿದಿರಲಿಕ್ಕಿಲ್ಲ.

ಈ ಗಾಡಿಗೆ 'ಲಿಟಲ್ ವಿಲ್ಲಿ' ಅಂತ ಹೆಸರು ಬಂತು. ಅಷ್ಟು ಹೊತ್ತಿಗೆ ಸೇನೆಯವರ ಬೇಡಿಕೆ ಏರಿತ್ತು. 8 ಅಡಿ ಅಗಲದ ಕಂದಕ ದಾಟಬೇಕು, ನಾಲ್ಕೂವರೆ ಅಡಿ ಎತ್ತರದ ದಿಬ್ಬ ಹತ್ತಬೇಕು. ಟ್ರ್ಯಾಕ್ಟರ್ ಆಕಾರದ ಲಿಟಲ್ ವಿಲ್ಲಿಗೆ ಅದು ಆಗದು. ಆಗ ವಿಲ್ಸನ್ ಟ್ರ್ಯಾಕ್ಟರ್‌ನ ಆಕಾರವನ್ನೇ ಕೈಬಿಟ್ಟ. ಗಾಡಿಯ ಕೆಳಗೆ ಚೈನು ಇಡುವ ಬದಲು, ಇಡೀ ಗಾಡಿಯ ಸುತ್ತ ಚೈನು ಸುತ್ತಿದ. ಓರೆಯಾಗಿ ನಿಂತ ದೊಡ್ಡ ಚೌಕದ ಹಾಗೆ. ಗಾಡಿಯ ಮೂತಿಯೇ ಚೈನಾಯಿತು. ಸೇಂಟ್ ಶಾಮೊಂ ಎಲ್ಲಿ ಮಣ್ಣಿಗೆ ಮೂಗು ನೆಡುತ್ತಿತ್ತೋ, ಅಲ್ಲಿ ಇದರ ಚೈನು ಮಣ್ಣು ಹಿಡಿದು ಮೇಲೆ ಹತ್ತುತ್ತಿತ್ತು. ಅದೇ ಮಾರ್ಕ್ 1. 28 ಟನ್, ಎಂಟು ಜನ. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಇಳಿಯಿತು.

ಟ್ರ್ಯಾಕ್ಟರ್ ಪೂರ್ತಿ ಹೋಯಿತು ಅಂದುಕೊಳ್ಳಬೇಡಿ. ಒಳಗಿನ 105 ಎಚ್‌ಪಿ ಎಂಜಿನ್ ಫಾಸ್ಟರ್‌ನವರ ಭಾರಿ ಟ್ರ್ಯಾಕ್ಟರ್‌ನದೇ. ಅದರ ಪೀಡೆಯೂ ಜೊತೆಗೇ ಬಂತು. ಎಂಜಿನ್‌ಗೂ ಜನಕ್ಕೂ ನಡುವೆ ಗೋಡೆ ಇರಲಿಲ್ಲ. ಒಳಗೆ 50 ಡಿಗ್ರಿ ಆಸುಪಾಸು ಸೆಕೆ, ಹೊಗೆ, ಕಿವಿ ಕಿವುಡಾಗುವ ಸದ್ದು. ತಿರುಗಿಸಲಿಕ್ಕೆ, ಗೇರ್ ಹಾಕಲಿಕ್ಕೆ ನಾಲ್ಕು ಜನ ಒಟ್ಟಿಗೆ ಕೈ ಹಚ್ಚಬೇಕು. ಮೊದಲ ದಿನಕ್ಕೆ ಸಿದ್ಧವಾಗಿದ್ದ 49 ಗಾಡಿಗಳಲ್ಲಿ ಹಲವು ಹೊರಡುವ ಜಾಗಕ್ಕೇ ತಲುಪಲಿಲ್ಲ.

ಆದರೂ ಕೆಸರು, ಕಂದಕ, ಮುಳ್ಳುತಂತಿ ಇರುವ ನೆಲಕ್ಕೆ ಇದರ ಮುಂದೆ ಬೇರೆ ಮಾತಿಲ್ಲ. ಕೈಯಲ್ಲಿ ಒಂದು ವರ್ಷ ಇದ್ದರೆ ಈ ದಾರಿಯೇ ಸರಿ. ಟ್ರ್ಯಾಕ್ಟರ್‌ನಿಂದ ಎಷ್ಟು ದೂರ ಬರುತ್ತೀರೋ ಅಷ್ಟು ಒಳ್ಳೆಯ ಟ್ಯಾಂಕ್ ಸಿಗುತ್ತದೆ. ಆದರೆ ಆ ದೂರ ನಡೆಯಲು ದಿನ ಬೇಕು, ಉಕ್ಕು ಬೇಕು, ಟ್ರಿಟನ್, ವಿಲ್ಸನ್‌ನಂಥ ಇಬ್ಬರು ಬೇಕು. ಎಲ್ಲರಿಗೂ ಸಿಗುವುದಿಲ್ಲ.

ಇದ್ದ ಹಾಗೇ ಡಬ್ಬಿ ಕೂರಿಸಿದ್ದು

ಇದು ಎಲ್ಲಕ್ಕಿಂತ ಹಳೆಯ ದಾರಿ. 1900ರಲ್ಲೇ, ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಅಂತ, ಉಗಿ ನೇಗಿಲಿಗೆ ಹೆಸರಾದ ಲೀಡ್ಸ್ ಊರಿನ ಫೌಲರ್ ಕಂಪನಿ ತನ್ನ ಉಗಿ ಎಂಜಿನ್ ಗಾಡಿಗೆ ಉಕ್ಕಿನ ತಗಡು ಹೊದಿಸಿತ್ತು. ಹಿಂದೆ ಕವಚದ ಬಂಡಿಗಳ ಸಾಲು. ಚೈನಿಲ್ಲ, ಗಾಲಿ ಮಾತ್ರ. 1930ರ ದಶಕದಲ್ಲಿ ಫಿಲಡೆಲ್ಫಿಯಾದ ಗರಗಸ ಮಾಡುವ ಡಿಸ್ಟನ್ ಕಂಪನಿ ಕ್ಯಾಟರ್‌ಪಿಲ್ಲರ್ ಟ್ರ್ಯಾಕ್ಟರ್ ಮೇಲೆ ಗೋಪುರ ಕೂರಿಸಿ ಮಾರಾಟಕ್ಕಿಟ್ಟಿತು. ಗರಗಸದ ಉಕ್ಕು ಹೇಗೂ ಮನೆಯದ್ದೇ ಅಲ್ವಾ? 1941ರಲ್ಲಿ ಸೋವಿಯತ್ ಒಕ್ಕೂಟದ ಹಾರ್ಕೊವ್ ಟ್ರ್ಯಾಕ್ಟರ್ ಕಾರ್ಖಾನೆಯವರು 45 ಮಿಮೀ ಫಿರಂಗಿ ಇಟ್ಟು ಎಚ್‌ಟಿಝಡ್-16 ಮಾಡಿದರು. ಇವೆಲ್ಲ ಇರಲಿ. ಪಕ್ಕಪಕ್ಕ ಇಟ್ಟು ನೋಡಬೇಕಾದದ್ದು ಎರಡು.

ಒಂದು ನ್ಯೂಜಿಲೆಂಡಿನ 'ಬಾಬ್ ಸೆಂಪಲ್' ಟ್ಯಾಂಕ್. ಜಪಾನಿನ ಭಯ ಶುರುವಾಗಿತ್ತು. ಬ್ರಿಟನ್ ತನ್ನ ತಲೆ ಉಳಿಸಿಕೊಳ್ಳುವುದರಲ್ಲಿತ್ತು, ಟ್ಯಾಂಕ್ ಕಳಿಸುವ ಸ್ಥಿತಿಯಲ್ಲಿರಲಿಲ್ಲ. ಲೋಕೋಪಯೋಗಿ ಮಂತ್ರಿ ರಾಬರ್ಟ್ ಸೆಂಪಲ್ ಇಲಾಖೆಯ ಕೈಯಲ್ಲಿ ಕ್ಯಾಟರ್‌ಪಿಲ್ಲರ್ ಡಿ8 ಟ್ರ್ಯಾಕ್ಟರ್‌ಗಳಿದ್ದವು. ಟೆಮುಕ ಊರಿನ ವರ್ಕ್‌ಶಾಪಿನಲ್ಲಿ ಅದರ ಮೇಲೆ ಡಬ್ಬಿ ಕಟ್ಟಿದರು. ಕವಚದ ಉಕ್ಕು ಸಿಗಲಿಲ್ಲ, ಅಲೆ ಅಲೆಯಾಗಿ ಮಡಚಿದ ತಗಡು ಹೊಡೆದರು. ನಮ್ಮ ಕಡೆ ಕೊಟ್ಟಿಗೆಗೆ ಹೊದಿಸುವ ಶೀಟು ನೋಡಿದ್ದೀರಲ್ಲ, ಆ ರೂಪ. ಎತ್ತರ 3.65 ಮೀಟರ್. ತೂಕ 25 ಟನ್ ಆಸುಪಾಸು. ಆರು ಬ್ರೆನ್ ಮೆಷಿನ್ ಗನ್, ಎಂಟು ಜನ. ಆ ಎಂಟರಲ್ಲಿ ಒಬ್ಬ ಎಂಜಿನ್ ಮೇಲೆ ಹಾಸಿಗೆ ಹಾಸಿಕೊಂಡು, ಬೋರಲು ಮಲಗಿ ಗುಂಡು ಹಾರಿಸಬೇಕು. ಕೆಳಗೆ ಎಂಜಿನ್ ನಡುಗುತ್ತಿರುತ್ತದೆ, ಅವನ ಗುರಿಯೂ ನಡುಗುತ್ತದೆ. ಗೇರ್ ಬದಲಿಸಬೇಕಾದರೆ ಗಾಡಿ ನಿಲ್ಲಿಸಲೇಬೇಕು.

ಮೆರವಣಿಗೆಯಲ್ಲಿ ಇದನ್ನು ಓಡಿಸಿದರು. ಜನ ನಕ್ಕರು. ಆದರೆ ಒಂದು ಮಾತು ಇದರ ಪರವಾಗಿ ಹೇಳಬೇಕು. ರಸ್ತೆ ಕೆಲಸಕ್ಕೆ ಆ ಟ್ರ್ಯಾಕ್ಟರ್‌ಗಳು ಬೇಕೇ ಬೇಕಿತ್ತು. ಅದಕ್ಕೇ ಡಬ್ಬಿಯನ್ನು ಬೇಕಾದಾಗ ಕೂರಿಸಿ, ಬೇಡವಾದಾಗ ಎತ್ತುವ ಹಾಗೆ ಯೋಚಿಸಿದ್ದರು. ಮುಂದೆ ಡಬ್ಬಿ ಇಳಿಸಿ, ಟ್ರ್ಯಾಕ್ಟರ್‌ಗಳು ತಮ್ಮ ಕೆಲಸಕ್ಕೆ ಹಿಂದಿರುಗಿದವು. ಶ್ನೈಡರ್ ಬಗ್ಗೆ ಆ ಮಾತು ಹೇಳಲಾಗದು.

ಇನ್ನೊಂದು ಒಡೆಸ್ಸಾದ 'ಎನ್‌ಐ'. 1941ರ ಆಗಸ್ಟ್‌ನಲ್ಲಿ ಜರ್ಮನಿಯ ಜೊತೆಗಾರ ರೊಮೇನಿಯಾದ ಸೇನೆ ಊರನ್ನು ಮುತ್ತಿತ್ತು. ಭೂಮಿಯ ದಾರಿ ಬಂದ್, ಸಮುದ್ರವೊಂದೇ ಗತಿ. ಊರಿನ 'ಜನವರಿ ದಂಗೆ' ಕಾರ್ಖಾನೆಯವರು ಸ್ಟಾಲಿನ್‌ಗ್ರಾಡ್‌ನ ಎಸ್‌ಟಿಝಡ್-5 ಟ್ರ್ಯಾಕ್ಟರ್‌ಗಳನ್ನು ಹಿಡಿದರು. ಇದು ಸಾಮಾನು ಎಳೆಯುವ ಗಾಡಿ. ಸಾಮೂಹಿಕ ಹೊಲಗಳಲ್ಲಿ ಉಳುತ್ತಿದ್ದ ಎಸ್‌ಟಿಝಡ್-3ರ ಒಡಹುಟ್ಟು, ಎಂಜಿನ್ ಒಂದೇ, 52 ಎಚ್‌ಪಿ. ಕವಚದ ಉಕ್ಕು ಇಲ್ಲಿಯೂ ಇರಲಿಲ್ಲ. ಬಂದರಿನ ಊರಲ್ವಾ, ಹಡಗಿನ ತಗಡು ಸಿಕ್ಕಿತು. ಅದು ತೆಳ್ಳಗೆ. ಹಾಗಾಗಿ ಎರಡು ತಗಡಿನ ನಡುವೆ ಹಲಗೆ, ರಬ್ಬರ್ ತುಂಬಿದರು. ಬಂದೂಕಿನ ಗುಂಡು, ಸಿಡಿದ ಚೂರು ತಡೆದರೆ ಸಾಕು ಅನ್ನುವ ಲೆಕ್ಕ. ಮೇಲೆ ಸಿಕ್ಕಿದ ಗೋಪುರ, ಅದರಲ್ಲಿ ಮೆಷಿನ್ ಗನ್ನೋ, 37 ಮಿಮೀ ಪುಟ್ಟ ಫಿರಂಗಿಯೋ. ಮುತ್ತಿಗೆ ಮುಗಿಯುವ ಹೊತ್ತಿಗೆ ಐವತ್ತಕ್ಕೂ ಹೆಚ್ಚು ಗಾಡಿ ಹೊರಬಿದ್ದಿದ್ದವು.

ಎನ್‌ಐ ಅಂದರೆ 'ನಾ ಇಸ್ಪುಗ್'. 'ಹೆದರಿಸಲಿಕ್ಕೆ' ಅಂತ ಅರ್ಥ. ಮಾಡಿದವರಿಗೇ ಅದರ ಯೋಗ್ಯತೆ ಗೊತ್ತಿತ್ತು. ಹಾಗಾಗಿ ಅದನ್ನು ಯೋಗ್ಯತೆಗೆ ತಕ್ಕ ಹಾಗೆ ಬಳಸಿದರು. ಸೆಪ್ಟೆಂಬರ್ 20ರ ರಾತ್ರಿ ಇವು ಸಾಲಾಗಿ ಹೊರಟವು. ದೀಪ ಆರಿಸಿಕೊಂಡು ಕಳ್ಳಹೆಜ್ಜೆಯಲ್ಲಿ ಅಲ್ಲ. ಹೆಡ್‌ಲೈಟ್ ಉರಿಸಿಕೊಂಡು, ಸೈರನ್ ಕೂಗಿಸಿಕೊಂಡು. ಟ್ರ್ಯಾಕ್ಟರ್ ಎಂಜಿನ್ನಿನ ಗಡಗಡ, ಸಡಿಲ ತಗಡಿನ ಬಡಬಡ ಬೇರೆ. ಕತ್ತಲಲ್ಲಿ ಎದುರಿಗಿದ್ದವರಿಗೆ ಕಂಡದ್ದು ಬೆಳಕು ಮತ್ತು ಸದ್ದು. ತಗಡಿನ ದಪ್ಪ ಅಳೆಯಲು ಯಾರು ನಿಲ್ಲುತ್ತಾರೆ? ರೊಮೇನಿಯನ್ ಸೈನಿಕರು ಜಾಗ ಬಿಟ್ಟು ಓಡಿದರು. ಅಕ್ಟೋಬರ್ 16ರಂದು ಸೋವಿಯತ್ ಸೇನೆ ಹಡಗು ಹತ್ತಿ ಊರು ಬಿಟ್ಟಿತು. ಅಲ್ಲಿಯವರೆಗೂ ಈ ಗಾಡಿಗಳು ಕೆಲಸದಲ್ಲಿದ್ದವು.

ಈ ಎರಡೂ ಗಾಡಿ ಹತ್ತಿರ ಹತ್ತಿರ ಒಂದೇ ಥರ. ಟ್ರ್ಯಾಕ್ಟರ್, ಸಿಕ್ಕ ತಗಡು, ಎತ್ತರದ ಡಬ್ಬಿ. ನೆಟ್ಟಗೆ ಹೇಳಬೇಕೆಂದರೆ ಎಂಜಿನ್ ಶಕ್ತಿಯಲ್ಲಿ ಡಿ8 ಎಷ್ಟೋ ಮೇಲು. ವ್ಯತ್ಯಾಸ ಇದ್ದದ್ದು ಬಳಸಿದ ರೀತಿಯಲ್ಲಿ. ಒಂದನ್ನು ಹಗಲು ಹೊತ್ತಿನಲ್ಲಿ, ತಮ್ಮವರ ಮುಂದೆಯೇ, ಟ್ಯಾಂಕ್ ಅಂತ ಮೆರೆಸಿದರು. ಇನ್ನೊಂದನ್ನು ರಾತ್ರಿ ಹೊತ್ತಿನಲ್ಲಿ, ಎದುರಾಳಿಯ ಮುಂದೆ, ಭೂತ ಬಿಟ್ಟ ಹಾಗೆ ಬಿಟ್ಟರು.

ಹಾಗಾದರೆ ಆರಿಸುವುದು ಹೇಗೆ?

ಕೈಯಲ್ಲಿ ವಾರಗಳು ಮಾತ್ರ ಇವೆ, ಎದುರಿಗೆ ಫಿರಂಗಿ ಹೆಚ್ಚಿಲ್ಲ ಅಂದರೆ ಒಡೆಸ್ಸಾ ಮಾದರಿ, ಅದೂ ರಾತ್ರಿಯೇ. ಹಗಲು ಒಂದು ಸಾಧಾರಣ ಫಿರಂಗಿ ಸಾಕು ಅದನ್ನು ಮುಗಿಸಲು. ಆರೆಂಟು ತಿಂಗಳಿದ್ದರೆ ಶ್ನೈಡರ್ ದಾರಿ, ಪೆಟ್ರೋಲನ್ನು ಮೊದಲ ದಿನದಿಂದಲೇ ಹಿಂದಕ್ಕೆ ಇಟ್ಟು. ಒಡಲಿನ ಉದ್ದ ಚೈನಿನ ಉದ್ದ ದಾಟುತ್ತಿದೆ ಅಂತ ನಕ್ಷೆಯಲ್ಲಿ ಕಂಡ ಕೂಡಲೇ ಪೆನ್ಸಿಲ್ ಕೆಳಗಿಡಿ. ವರ್ಷ ಇದ್ದರೆ ಲಿಂಕನ್. ಟ್ರ್ಯಾಕ್ಟರ್ ಬೇರೆ ಕೆಲಸಕ್ಕೆ ಬೇಕೇ ಬೇಕು ಅನ್ನುವುದಾದರೆ ಸೆಂಪಲ್ ಯೋಚನೆ, ಆದರೆ ಎತ್ತರ ಕಡಿಮೆ ಮಾಡಿ, ಆ ಹಾಸಿಗೆ ತೆಗೆಸಿ.

ಇವನ್ನು ಕಣ್ಣಾರೆ ನೋಡಬೇಕು ಅನ್ನುವವರಿಗೆ: ಶ್ನೈಡರ್ ಮತ್ತು ಸೇಂಟ್ ಶಾಮೊಂ ಫ್ರಾನ್ಸಿನ ಸೋಮ್ಯೂರ್ ಟ್ಯಾಂಕ್ ಮ್ಯೂಸಿಯಂನಲ್ಲಿವೆ. ಉಳಿದಿರುವ ಒಂದೇ ಒಂದು ಎ7ವಿ 'ಮೆಫಿಸ್ಟೊ', ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿದೆ. 1918ರಲ್ಲಿ ಕ್ವೀನ್ಸ್‌ಲೆಂಡಿನ ಸೈನಿಕರು ಎಳೆದು ತಂದದ್ದು. ಅಲ್ಲಿ ನೆಲೆಸಿರುವ ನಮ್ಮವರು ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಇಂಗ್ಲೆಂಡಿನಲ್ಲಿರುವವರು ಡಾರ್ಸೆಟ್‌ನ ಬೋವಿಂಗ್‌ಟನ್‌ಗೆ ಹೋಗಿ. ಲಿಟಲ್ ವಿಲ್ಲಿಯ ಒಳಗೆ ಈಗ ಎಂಜಿನ್ ಇಲ್ಲ, ಬರೀ ಒಡಲು. ಮೇಲಿನ ಪೆಟ್ಟಿಗೆ ನೋಡುತ್ತಾ ಹೊತ್ತು ಕಳೆಯಬೇಡಿ. ಸ್ವಲ್ಪ ಬಗ್ಗಿ ಚೈನು ನೋಡಿ. ಆಮೇಲೆ ಅದೇ ಮ್ಯೂಸಿಯಂನಲ್ಲಿರುವ ಮಾರ್ಕ್ 1ರ ಹತ್ತಿರ ಹೋಗಿ, ಅಲ್ಲೂ ಬಗ್ಗಿ.